ಬಟ್ಟಲಿನಡಿಯ ಕೆಂಪು ಚುಕ್ಕೆ

ಬಂಗಾರಪೇಟೆ
7 ಅಕ್ಟೋಬರ್ 2024

ಪುಷ್ಪಾ,

ವೇಣು ಟೆಂಪೋದಲ್ಲಿ ತಂದ ಪೆಟ್ಟಿಗೆಯನ್ನು ನೀನೇ ಬಿಚ್ಚು. ಒಳಗಿರುವುದು ಇನ್ನೂ ಸುಡದ ಬಟ್ಟಲುಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನಿಲ್ಲಿ ಅಚ್ಚು ಹಾಕುವುದು, ನೀನು ಊರಿಗಾಂನಲ್ಲಿ ಗ್ಲೇಜಿನ ಲೇಪ ಹಚ್ಚಿ ಸುಡುವುದು, ನಡುವಿನ ಮಾತೆಲ್ಲ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ ಅಂತ ಈ ಕಾನೂನು ಮಾಡಿದವಳು ನೀನು. ಅದಕ್ಕೇ ಇವತ್ತು ಚೀಟಿಯ ಬದಲು ಪತ್ರವನ್ನೇ ಬರೆಯುತ್ತಿದ್ದೇನೆ, ಅನುಭವಿಸು.

ಬೆಂಗಳೂರಿನ ಹೋಟೆಲಿನವರು ರಾಗಿ ಊಟಕ್ಕೆ ಅಂತಲೇ ಒಂದು ಪಿಂಗಾಣಿ ಪಾತ್ರೆ ಕೇಳಿದ್ದರಲ್ಲ, ಅದಕ್ಕಾಗಿ ಊಟದ ಹೊತ್ತಿಗೆ ಸರಿಯಾಗಿ ಕಂಡವರ ಮನೆಗೆಲ್ಲ ಹೋಗಿ ಕೂತೆ. ರಾಬರ್ಟ್‌ಸನ್‌ಪೇಟೆಯಿಂದ ಕ್ಯಾಸಂಬಳ್ಳಿಯವರೆಗೆ ನೆಲದ ಮೇಲೆ ಕೂತು ಉಣ್ಣುವವರು ಬೆರಳೆಣಿಕೆಯಷ್ಟು ಜನ. ಮಿಕ್ಕವರೆಲ್ಲ ಸೋಫಾದಲ್ಲಿ, ಮಂಚದ ಅಂಚಿನಲ್ಲಿ, ಟೀವಿ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಸ್ಟೀಲ್ ತಟ್ಟೆ ತೊಡೆಯ ಮೇಲೆ ನಿಲ್ಲುವುದಿಲ್ಲ. ಸಾರು ಒಂದು ಕಡೆ ಓಡಿದರೆ ಹಿಟ್ಟಿನ ಮುದ್ದೆ ಇನ್ನೊಂದು ಕಡೆ ಜಾರುತ್ತದೆ. ಹಿಟ್ಟು ಕೂಡ ಮೊದಲಿನ ಗಾತ್ರದಲ್ಲಿಲ್ಲ, ಶುಗರ್ ಬಂದು ಎಲ್ಲರ ಮುದ್ದೆಯನ್ನೂ ಮೂಸಂಬಿಯಷ್ಟು ಮಾಡಿಬಿಟ್ಟಿದೆ. ಈಗಿನವರಿಗೆ ಬೇಕಾದ್ದು ಒಂದೇ ಅಂಗೈಯಲ್ಲಿ ಕೂರುವ, ಬಿಸಿ ತಾಕದ, ಸಾರು ಒಂದು ಮಗ್ಗುಲಲ್ಲಿ ನಿಲ್ಲುವ ಬಟ್ಟಲು.

ಅಂಥದ್ದು ನಮ್ಮ ಮನೆಯಲ್ಲೇ ಇತ್ತು ಕಣೇ. ಕೊಟ್ಟಿಗೆಯ ಅಟ್ಟದಲ್ಲಿ, ಹುಲ್ಲಿನ ಕೆಳಗೆ. ಚಿನ್ನದ ಗಣಿಯ ಸಾಹೇಬರ ಬಂಗಲೆಗಳು ಖಾಲಿಯಾದಾಗ ತಾತ ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡದ್ದಿರಬೇಕು. ಸಾಹೇಬರು ಸೂಪು ಕುಡಿಯುತ್ತಿದ್ದ ಬಟ್ಟಲು. ನಾನು ಒಳಗಿನ ತಳವನ್ನು ಸ್ವಲ್ಪ ಓರೆ ಮಾಡಿದೆ, ಅಂಚನ್ನು ಎತ್ತರಿಸಿ ಒಳಕ್ಕೆ ಬಾಗಿಸಿದೆ. ಈಗ ಎಷ್ಟು ಮೇಲಿನಿಂದ ಸಾರು ಸುರಿದರೂ ಹೊರಗೆ ಸಿಡಿಯುವುದಿಲ್ಲ.

ಹಳೆಯದನ್ನೂ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ತಿರುಗಿಸಿ ನೋಡು. ಅಡಿಯಲ್ಲಿ ಯಾರೋ ಬೆರಳಿನಿಂದ ಇಟ್ಟ ಒಂದು ಕೆಂಪು ಚುಕ್ಕೆ ಇದೆ. ನೋಡಿದ ಕೂಡಲೇ ಮೈ ಜುಂ ಅಂತು. ಇನ್ನು ಮೇಲೆ ಅದೇ ನಮ್ಮ ಗುರುತು, ಪ್ರತಿ ಬಟ್ಟಲಿನ ಅಡಿಗೂ ಒಂದು ಚುಕ್ಕೆ. ಫೋಟೋ ನೋಡಿ ಹೋಟೆಲಿನವರು ಕುಣಿದಾಡಿದರು. ಜನವರಿ ಕೊನೆಗೆ ಅವರ ಬಾಗಿಲು ತೆರೆಯುತ್ತದೆ. ಇದೊಂದು ಕೈ ಹತ್ತಿದರೆ ಭಟ್ಟಿ ಮುಚ್ಚುವ ಮಾತನ್ನು ನಾವಿಬ್ಬರೂ ಮತ್ತೆ ಆಡಬೇಕಾಗಿಲ್ಲ.

ನಿನ್ನ
ಶಶಿರೇಖ


ಊರಿಗಾಂ
11 ಅಕ್ಟೋಬರ್ 2024

ಶಶಿ,

ಬಟ್ಟಲುಗಳು ಒಡೆಯದೆ ಬಂದಿವೆ. ಒಂದರ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು. ಒಣಗಿಸುವಾಗ ಫ್ಯಾನ್ ಹಾಕಬೇಡ ಅಂತ ಎಷ್ಟು ಸಲ ಹೇಳಲಿ. ನೀನು ಬಯಸಿದ ಒರಟು ಗ್ಲೇಜ್ ಇದಕ್ಕೆ ಆಗುವುದಿಲ್ಲ. ಅರಿಶಿನ ಹಿಡಿದರೆ ಬಿಡುವುದಿಲ್ಲ, ಹಿಟ್ಟೂ ಅಂಟುತ್ತದೆ. ಬೂದಿ ಬಣ್ಣದ ನುಣುಪು ಗ್ಲೇಜ್ ಮಾಡುತ್ತೇನೆ.

ಕೆಂಪು ಚುಕ್ಕೆ ಬೇಡ. ಈ ಶಾಖಕ್ಕೆ ಕೆಂಪು ನಿಲ್ಲುವುದಿಲ್ಲ.

ಹಳೆಯ ಬಟ್ಟಲು ಎಲ್ಲಿ ಸಿಕ್ಕಿತು ಅಂತ ಬರೆದಿದ್ದೀಯ. ಅದು ಏನು ಅಂತ ನಿಮ್ಮಮ್ಮನನ್ನು ಕೇಳಿದ್ದೀಯಾ?

ಪುಷ್ಪ


ಬಂಗಾರಪೇಟೆ
15 ಅಕ್ಟೋಬರ್ 2024

ಪುಷ್ಪಾ,

ಕೆಂಪು ನಿಲ್ಲುವುದಿಲ್ಲ ಅಂತ ನೀನು ಹೇಳುವುದು, ನಾನು ನಂಬುವುದು. ಹೋದ ವರ್ಷದ ದಾಳಿಂಬೆ ಬಣ್ಣದ ಲೋಟಗಳನ್ನು ಸುಟ್ಟದ್ದು ಯಾರ ಭಟ್ಟಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚುಕ್ಕೆ ಇಟ್ಟೇ ಕಳಿಸು ತಾಯಿ.

ಅಮ್ಮನನ್ನು ಕೇಳಿದೆ. ಹುರುಳಿಕಾಳು ಕೇರುತ್ತಿದ್ದವಳು ತಲೆಯೆತ್ತಲಿಲ್ಲ. "ಅದ್ಯಾವ್ದೋ ಅಳೇದು, ಅಲ್ಲೇ ಬಿಸಾಕು" ಅಂದಳು. ಅವಳಿಗೆ ಹಳೆಯದೆಲ್ಲ ಕಸ.

ಇನ್ನೊಂದು ವಿಷಯ. ಹೋಟೆಲಿನವರು ಬಟ್ಟಲಿನ ಕಥೆ ಹೇಳುವ ಚಿಕ್ಕ ಪುಸ್ತಕ ಮಾಡುತ್ತಾರಂತೆ, ಅದಕ್ಕೆ ಉಣ್ಣುವ ಕೈಯ ಫೋಟೋ ಬೇಕು. ನನಗೆ ನಿಮ್ಮಮ್ಮ ಮುನಿಗಂಗಮ್ಮನ ಕೈಯೇ ಬೇಕು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದಾಗ ಎಷ್ಟೋ ಸಲ ಕಿಟಕಿಯಿಂದ ನೋಡಿದ್ದೇನೆ, ಆಕೆ ಹಿಟ್ಟು ಮುರಿದು ಸಾರಿನಲ್ಲಿ ಅದ್ದುವ ಚೆಂದ ಬೇರೆ ಯಾರಿಗೂ ಬರುವುದಿಲ್ಲ. ಭಾನುವಾರ ಕ್ಯಾಮೆರಾ ಹಿಡಿದುಕೊಂಡು ಬರುತ್ತೇನೆ. ನಿನ್ನ ಅಮ್ಮನನ್ನು ಒಪ್ಪಿಸುವುದು ನಿನ್ನ ಕೆಲಸ.

ಶಶಿ


ಊರಿಗಾಂ
18 ಅಕ್ಟೋಬರ್ 2024

ಶಶಿರೇಖ,

ಭಾನುವಾರ ಬರಬೇಡ. ಅಮ್ಮನ ಫೋಟೋ ತೆಗೆಯುವುದಿಲ್ಲ.

ಮಾದರಿ ಬಟ್ಟಲುಗಳನ್ನು ಚುಕ್ಕೆಯಿಲ್ಲದೆ ಸುಟ್ಟು ಕಳಿಸಿದ್ದೇನೆ. ಕೆಂಪು ನಿಲ್ಲುತ್ತದೆ. ನಾನು ಇಡುವುದಿಲ್ಲ, ಅಷ್ಟೇ.

ನಿಮ್ಮಮ್ಮ ಪಾಪಕ್ಕನೋರ ಹತ್ತಿರ ಇನ್ನೊಮ್ಮೆ ಹೋಗು. ಮೊರ ಕೆಳಗಿಡಿಸಿ ಕೇಳು, ಆ ಚುಕ್ಕೆ ಯಾರು ಇಟ್ಟರು, ಯಾಕೆ ಇಟ್ಟರು ಅಂತ. ಉತ್ತರ ಸಿಗುವವರೆಗೆ ಪೆಟ್ಟಿಗೆ ಕಳಿಸಬೇಡ.

ಪುಷ್ಪ


ಬಂಗಾರಪೇಟೆ
14 ನವೆಂಬರ್ 2024

ಪುಷ್ಪಾ,

ತಿಂಗಳಾಗುತ್ತ ಬಂತು. ನೀನು ಫೋನ್ ಎತ್ತಲಿಲ್ಲ. ನಾನು ಬರೆಯಲಿಲ್ಲ, ಬರೆಯಲು ಮುಖವಿರಲಿಲ್ಲ.

ಅಮ್ಮನನ್ನು ಕೇಳಿದೆ. ಮೊದಲ ದಿನ ಎದ್ದು ಹೋದಳು. ಎರಡನೇ ಸಲ ಕೇಳಿದಾಗ ನನ್ನ ಮೇಲೇ ಹರಿಹಾಯ್ದಳು. ಅವಳ ಮಾತನ್ನು ಹಾಗೇ ಬರೆಯುತ್ತಿದ್ದೇನೆ, ತಿದ್ದಿದರೆ ನನ್ನದೇ ಸಮಜಾಯಿಷಿ ಆಗಿಬಿಡುತ್ತದೆ.

"ನಾನೇ ಇಟ್ಟಿದ್ದು. ಎತ್ತಿನ ಕೊಂಬಿಗೆ ಬಳ್ದು ಮಿಕ್ಕಿದ್ ಬಣ್ಣ. ನಿಮ್ ತಾತ ಒಂದೇ ಥರ ಬಟ್ಲು ಒಂದು ಗಂಟು ತಂದಾಕಿದ್ರು. ಮೊಸ್ರಿಗೆ, ಉಪ್ಪಿನ್ಕಾಯಿಗೆ ಅಂತ ಅರ್ಧ ಒಳ್ಗಿಟ್ಕೊಂಡೆ, ಅರ್ಧ ಆಳುಗಳು ಉಣ್ಣಾಕೆ ಅಂತ ಕೊಟ್ಗೇಲಿಟ್ಟೆ. ಅವು ಇವು ಬೆರ್ತೋದ್ರೆ ಎಂಗೆ ಗೊತ್ತಾಗ್ಬೇಕು? ಅದ್ಕೇ ಬೊಟ್ಟಿಟ್ಟೆ. ಎಲ್ಲಾರ್ ಮನೇಲೂ ಒಂದಲ್ಲ ಒಂದು ಮಾಡ್ತಿದ್ರು. ನಾನೊಬ್ಳೇನಾ?"

ನನಗೆ ನಾಚಿಕೆಯಾಯಿತು ಪುಷ್ಪಾ. ಕೊಟ್ಟಿಗೆಯಲ್ಲಿ ಬೇರೆ ಬಟ್ಟಲು ಇಡುತ್ತಿದ್ದರು ಅಂತ ನನಗೆ ಗೊತ್ತಿತ್ತು. ಆ ಬಟ್ಟಲು ಇದೇ ಅಂತ ಹೊಳೆಯಲಿಲ್ಲ, ಸಾಹೇಬರ ಸೂಪು ಮಾತ್ರ ಹೊಳೆಯಿತು. ನಿಮ್ಮನ್ನು ದೂರವಿಡಲು ಹಾಕಿದ ಗುರುತನ್ನು ನಿನ್ನ ಕೈಯಿಂದಲೇ ಇಡಿಸಲು ಹೊರಟಿದ್ದೆ. ಚುಕ್ಕೆ ತೆಗೆದುಬಿಟ್ಟೆ, ಹೋಟೆಲಿನವರಿಗೂ ತಿಳಿಸಿದೆ.

ಬಟ್ಟಲನ್ನು ಮಾತ್ರ ಬಿಡಲಾರೆ. ಇಂಥ ಆಕಾರ ನನ್ನ ಕೈಗೆ ಇನ್ನೊಮ್ಮೆ ಬರುತ್ತದೋ ಇಲ್ಲವೋ. ಅಮ್ಮ ಮಾಡಿದ್ದು ತಪ್ಪು, ಆದರೆ ಅದು ಆಗಿನ ಕಾಲ. ಮಣ್ಣಿಗೆ ಏನು ಗೊತ್ತು? ಹೋಟೆಲಿನವರು ಬೇರೆ ಭಟ್ಟಿ ನೋಡಿ ಅನ್ನುತ್ತಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ.

ಶಶಿ


ಊರಿಗಾಂ
20 ನವೆಂಬರ್ 2024

ಶಶಿರೇಖ,

ಆಗಿನ ಕಾಲ ಅಂದರೆ ಯಾವುದು? ನಾನು ಎಂಟನೇ ಕ್ಲಾಸಿನಲ್ಲಿದ್ದೆ, ನೀನೂ ಎಂಟನೇ ಕ್ಲಾಸು. ದಸರಾ ರಜದಲ್ಲಿ ಅಮ್ಮನ ಜೊತೆ ನಿಮ್ಮ ಹೊಲಕ್ಕೆ ಕಡಲೆಕಾಯಿ ಕೀಳಲು ಬಂದಿದ್ದೆ. ಮಧ್ಯಾಹ್ನ ಕೊಟ್ಟಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬಟ್ಟಲನ್ನು ಎಡಗೈಯಲ್ಲಿ ಹಿಡಿದೇ ಉಣ್ಣಬೇಕು. ಕೆಳಗಿಟ್ಟರೆ ಸಗಣಿ. ನಿನ್ನ ಸೋಫಾದವರಿಗೆ ಈ ಬಟ್ಟಲು ಅಷ್ಟು ಚೆನ್ನಾಗಿ ಒಗ್ಗುವುದು ಅದಕ್ಕೇ. ಪಾಪಕ್ಕನೋರು ಮೆಟ್ಟಿಲ ಮೇಲೆ ನಿಂತು, ಸೌಟು ತಾಗದ ಹಾಗೆ ಎತ್ತರದಿಂದ ಸಾರು ಹುಯ್ಯುತ್ತಿದ್ದರು. ನನ್ನ ಮುಂಗೈಗೆ ಸಿಡಿಯಿತು. ಅಂಚನ್ನು ಎತ್ತರಿಸಿದ್ದೀಯ, ಎಷ್ಟು ಮೇಲಿನಿಂದ ಸುರಿದರೂ ಸಿಡಿಯುವುದಿಲ್ಲ ಅಂತ ಹೆಮ್ಮೆಪಟ್ಟು ಬರೆದಿದ್ದೀಯ. ಒಳ್ಳೆಯ ವಿನ್ಯಾಸ. ಹದಿನೈದು ವರ್ಷ ತಡವಾಯಿತು.

ಕಿಟಕಿಯಿಂದ ನೋಡಿದ್ದೇನೆ ಅಂತ ನೀನೇ ಒಪ್ಪಿಕೊಂಡಿದ್ದೀಯ. ನೋಡಿದ್ದು ಕೈಯೊಂದನ್ನೇ. ನಿನಗೆ ಕೋಪ ಬರಲಿ ಅಂತ ಇದನ್ನು ಬರೆಯುತ್ತಿಲ್ಲ. ಸುಳ್ಳು, ಬರಲಿ ಅಂತಲೇ ಬರೆಯುತ್ತಿದ್ದೇನೆ.

ಅಮ್ಮನಿಗೆ ಹಳೆಯ ಬಟ್ಟಲು ತೋರಿಸಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಎಡಗೈಯಲ್ಲಿ ಎತ್ತಿಕೊಂಡು "ಇದು ನಮ್ ಬಟ್ಲಲ್ವೇನೇ" ಅಂತ ನಕ್ಕಳು. ನೀನು ಮಾಡಿದ ಹೊಸದನ್ನು ಹಿಡಿದು ನೋಡಿ "ಇದು ಇನ್ನೂ ಸಲೀಸು, ಕೈ ಸುಡಲ್ಲ, ನಂಗೊಂದೆರಡು ಎತ್ತಿಡು" ಅಂದಳು. ನಾನು ಕೂಗಾಡಿದೆ. "ಉಂಡ ಮನೆ ಜಂತೆ ಎಣಿಸ್ಬಾರ್ದು ಕಣೇ" ಅಂದಳು. ನಿಮ್ಮ ಮನೆಯ ಜಂತೆಯನ್ನು ಅವಳು ನೋಡಿದ್ದಾದರೂ ಯಾವಾಗ?

ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಬಟ್ಟಲು ಚೆನ್ನಾಗಿದೆ, ಅದು ನನಗೂ ಗೊತ್ತು. ನಿಮ್ಮ ಮನೆಯ ಒಳಗೆ, ನಡುಮನೆಯಲ್ಲಿ, ನಿಮ್ಮಮ್ಮ ನನ್ನ ಅಮ್ಮನ ಪಕ್ಕ ಒಂದೇ ಸಾಲಿನಲ್ಲಿ ಕೂತು ಆ ಬಟ್ಟಲಿನಲ್ಲಿ ಉಣ್ಣಲಿ. ಫೋಟೋ ಬೇಡ, ಹೋಟೆಲಿನವರು ಬೇಡ. ಅದಾದರೆ ಎಲ್ಲ ಬಟ್ಟಲನ್ನೂ ನಾನೇ ಸುಡುತ್ತೇನೆ. ಆಗದಿದ್ದರೆ ಬೇರೆ ಭಟ್ಟಿಗೆ ಹೂಂ ಅನ್ನು. ಆಮೇಲೆ ನನಗೂ ನಿನಗೂ ಕೆಲಸವಿಲ್ಲ.

ಪುಷ್ಪ


ಬಂಗಾರಪೇಟೆ
2 ಡಿಸೆಂಬರ್ 2024

ಪುಷ್ಪಾ,

ಅಮ್ಮನಿಗೆ ಬೀಪಿ ಇದೆ. ಹೋದ ವಾರ ಈ ಮಾತು ತೆಗೆದದ್ದಕ್ಕೆ ಎರಡು ಹೊತ್ತು ಊಟ ಬಿಟ್ಟಳು. ಹಟ ನನ್ನ ಮೇಲೆ, ಆದರೆ ಕರಗುತ್ತಿರುವುದು ಅವಳ ಮೈ. ಈ ವಯಸ್ಸಿನಲ್ಲಿ ಅವಳನ್ನು ಬಗ್ಗಿಸಿ ನನಗೇನಾಗಬೇಕು, ನಿನಗೇನಾಗಬೇಕು?

ಒಂದು ಕೆಲಸ ಮಾಡೋಣ. ಬಂಗಾರಪೇಟೆಯ ನಮ್ಮ ಅಚ್ಚಿನ ಶೆಡ್ಡಿನಲ್ಲೇ ಅಡುಗೆ ಮಾಡಿಸುತ್ತೇನೆ. ನೀನು, ನಿಮ್ಮಮ್ಮ, ನಾನು, ವೇಣು, ಕೆಲಸದವರು ಎಲ್ಲರೂ ಒಟ್ಟಿಗೆ ಉಣ್ಣೋಣ. ಆಮೇಲೆ ಭಟ್ಟಿ ಹೊತ್ತಿಸು. ದಿನಗಳು ಓಡುತ್ತಿವೆ, ಅಚ್ಚಿನಿಂದ ತೆಗೆದ ಬಟ್ಟಲುಗಳಿಂದ ಹಲಗೆಗಳೆಲ್ಲ ತುಂಬಿಹೋಗಿವೆ.

ಶಶಿ


ಊರಿಗಾಂ
5 ಡಿಸೆಂಬರ್ 2024

ಶೆಡ್ಡಿನಲ್ಲಿ ನಾವು ಈಗಲೂ ಒಟ್ಟಿಗೇ ಉಣ್ಣುತ್ತೇವೆ. ಹೋಟೆಲಿನಲ್ಲಿ ಊರವರೆಲ್ಲ ಒಟ್ಟಿಗೇ ಉಣ್ಣುತ್ತಾರೆ. ನಾನು ಕೇಳಿದ್ದು ನಿಮ್ಮ ಮನೆ.

ಪುಷ್ಪ


ಬಂಗಾರಪೇಟೆ
28 ಡಿಸೆಂಬರ್ 2024

ಪುಷ್ಪಾ,

ನಾನು ಮತ್ತೆ ಕೇಳಲಿಲ್ಲ, ದೇವರಾಣೆ. ನಿನ್ನೆ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅವಳೇ ಶುರುಮಾಡಿದಳು. "ನಾನೂ ಮುನಿಗಂಗೀನೂ ಒಂದೇ ಸಾಲಲ್ಲಿ ಬಗ್ಗಿ ರಾಗಿ ಪೈರು ನೆಟ್ಟಿದ್ದೀವಿ ಕಣೇ. ಕೆಲ್ಸಕ್ಕೆ ಒಂದೇ ಸಾಲು. ಊಟಕ್ಕೆ ಮಾತ್ರ ನಾನು ಒಳಕ್ಕೆ, ಅವ್ಳು ಆಚೆಗೆ." ಇನ್ನಷ್ಟು ಕಾಯಿ ಸುಲಿದಳು. ಆಮೇಲೆ ಅಂದಳು: "ಕರಿ ಅವ್ಳ್ನ. ಅವರೆಕಾಯಿ ಮುಗ್ಯೋದ್ರೊಳ್ಗೆ ಬರ್ಲಿ. ಇತ್ಕಬೇಳೆ ಸಾರು ಮಾಡ್ತೀನಿ."

ನಾನು ಒಳಗೆ ಹೋಗಿ ಅತ್ತೆ. ಜನವರಿ ಐದು ಭಾನುವಾರ. ನಿಮ್ಮಮ್ಮನನ್ನು ಕರೆದುಕೊಂಡು ಬಾ. ಈ ಸಲ ಕ್ಯಾಮೆರಾ ಶೆಡ್ಡಿನಲ್ಲೇ ಬೀಗದೊಳಗೆ ಇರುತ್ತದೆ.

ನಿನ್ನ
ಶಶಿ


ಬಂಗಾರಪೇಟೆ
6 ಜನವರಿ 2025

ಪುಷ್ಪಾ,

ಬುಧವಾರ ಭಟ್ಟಿ ಹೊತ್ತಿಸುತ್ತೇನೆ ಅಂತ ನಿನ್ನೆ ಹೊರಡುವಾಗ ನನ್ನ ಕೈ ಹಿಡಿದು ಹೇಳಿದೆ. ಒಣಗಿದ ಬಟ್ಟಲುಗಳೆಲ್ಲ ನಿನ್ನೆಯೇ ನಿನ್ನ ಜೊತೆ ಬಂದಿವೆ, ಭಟ್ಟಿ ಹೊತ್ತುವ ಮುಂಚೆ ಇದೂ ನಿನಗೆ ಸೇರಲಿ ಅಂತ ವೇಣುವನ್ನು ಖಾಲಿ ಟೆಂಪೋದಲ್ಲಿ ಕಳಿಸುತ್ತಿದ್ದೇನೆ.

ನೀನು ನಡುಮನೆಯಲ್ಲಿ ಕೂತು ನೋಡಿದ್ದು ಒಂದು, ನಾನು ಅಡುಗೆಮನೆಯಲ್ಲಿ ನೋಡಿದ್ದು ಇನ್ನೊಂದು. ಕೂರುವ ಮುಂಚೆ ಅಮ್ಮ ತನ್ನ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಅಡಿಯನ್ನು ನೋಡಿದಳು. "ಬೊಟ್ಟಿಲ್ಲ ಅಲ್ವಾ?" ಅಂದಳು. ಇಲ್ಲ ಅಂದೆ. ಬಂದು ನಿಮ್ಮಮ್ಮನ ಪಕ್ಕದಲ್ಲಿ ಕೂತಳು. ಮೊದಲ ತುತ್ತು ಕಣ್ಣು ಮುಚ್ಚಿಕೊಂಡೇ ನುಂಗಿದಳು. ಆಮೇಲೆ ನಿಮ್ಮಮ್ಮ "ಉಪ್ಪು ಒಂಚೂರು ಮುಂದಾಯ್ತಲ್ಲಮ್ಮಾ" ಅಂದರಲ್ಲ, ಅಮ್ಮ ನಕ್ಕಳು. ಅಲ್ಲಿಂದಾಚೆಗೆ ಉಂಡದ್ದು ಮನಸ್ಸಿಟ್ಟೇ. ಎರಡನೇ ಸಲ ಸಾರು ಹಾಕಿಸಿಕೊಂಡಳು, ನೀನೇ ನೋಡಿದೆ. ನನಗಂತೂ ಗೆದ್ದಷ್ಟು ಖುಷಿಯಾಗಿತ್ತು.

ಇವತ್ತು ಬೆಳಗ್ಗೆ ಹಸುವಿಗೆ ಹುಲ್ಲು ಹಾಕಲು ಹೋದೆ. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ನಮ್ಮ ಹೊಸ ಬಟ್ಟಲು ಒಂದು ಇತ್ತು. ತೊಳೆದು, ಬೋರಲು ಹಾಕಿತ್ತು. ಅಮ್ಮನ ಬಟ್ಟಲೂ ನಿನ್ನ ಬಟ್ಟಲೂ ಅಡುಗೆಮನೆಯ ತೊಟ್ಟಿಯಲ್ಲೇ ಇದ್ದವು. ನಾವಿಬ್ಬರೂ ಗೇಟಿನ ಹತ್ತಿರ ನಿಂತು ಹರಟುತ್ತಿದ್ದಾಗ ನಿಮ್ಮಮ್ಮ ತಮ್ಮದನ್ನು ತಾವೇ ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದಾರೆ.

ಅಮ್ಮನನ್ನು ಕೇಳಿದೆ. "ನೋಡ್ದೆ. ಎಲೆ ಅಡ್ಕೆ ತರಾಕೆ ಅಂತ ಎದ್ದಿದ್ನಲ್ಲ, ಅವಾಗ ಅವ್ಳು ಎತ್ಕೊಂಡು ಓಗ್ತಿದ್ಲು. ಬ್ಯಾಡ ಅನ್ನಾಕೆ ಬಾಯೇ ಬರ್ಲಿಲ್ಲ" ಅಂದಳು. ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಳೋ, ಬೆವರೋ, ನಾನು ಕೇಳಲಿಲ್ಲ.

ಇದನ್ನು ನಿನಗೆ ಹೇಳದಿದ್ದರೆ ಬುಧವಾರ ಭಟ್ಟಿ ಹೊತ್ತುತ್ತಿತ್ತು. ಹೇಳದಿರಲು ತುಂಬ ಆಸೆಯಾಯಿತು. ಬಟ್ಟಲನ್ನು ಒಳಗೆ ತಂದಿಟ್ಟು ಸುಮ್ಮನಾಗೋಣ ಅಂತ ಕೈಗೂ ತೆಗೆದುಕೊಂಡೆ. ಆಗಲಿಲ್ಲ. ಈಗ ನಿನ್ನ ಇಷ್ಟ. ನೀನು ಸುಡುವುದಿಲ್ಲ ಅಂದರೆ ಬೇರೆ ಭಟ್ಟಿಗೆ ನಾನು ಹೋಗುವುದಿಲ್ಲ, ಹೋಟೆಲಿನವರಿಗೆ ಇಲ್ಲ ಅಂತ ಬರೆದುಬಿಡುತ್ತೇನೆ.

ಶಶಿ


ಊರಿಗಾಂ
12 ಜನವರಿ 2025

ಶಶಿ,

ಬುಧವಾರವೇ ಹೊತ್ತಿಸಿದೆ. ಬಟ್ಟಲುಗಳು ಚೆನ್ನಾಗಿ ಬೆಂದಿವೆ, ಬೂದಿ ಬಣ್ಣದ ಮೇಲೆ ಹಿಟ್ಟಿನ ಬಣ್ಣ ಎದ್ದು ಕಾಣುತ್ತದೆ. ವೇಣು ಎರಡು ಸರತಿಯಲ್ಲಿ ತರುತ್ತಾನೆ. ನಾನು ಕೇಳಿದ್ದು ನಿಮ್ಮಮ್ಮ ಪಕ್ಕದಲ್ಲಿ ಕೂತು ಉಣ್ಣಬೇಕು ಅಂತ. ಅವರು ಕೂತರು, ಉಂಡರು. ಮಾತು ಕೊಟ್ಟ ಮೇಲೆ ಕೊಟ್ಟ ಹಾಗೆ. ಹೋಟೆಲಿನ ಪುಸ್ತಕದಿಂದ ಸಾಹೇಬರ ಸೂಪಿನ ಕಥೆಯನ್ನು ತೆಗೆಸು. ಅದರ ಜಾಗದಲ್ಲಿ ಏನು ಬರೆಯುತ್ತೀಯೋ ಬರೆ, ಅಚ್ಚಿಗೆ ಹೋಗುವ ಮುಂಚೆ ನನಗೆ ತೋರಿಸು.

ನಾನು ಎಲ್ಲೂ ಹೋಗುತ್ತಿಲ್ಲ. ಮುಂದಿನ ಪಾತ್ರೆ ಯಾವುದು ಅಂತ ಶೆಡ್ಡಿನಲ್ಲಿ ಕೂತು ಮಾತಾಡೋಣ. ನಿಮ್ಮ ಮನೆಗೆ ಮತ್ತೆ ಯಾವಾಗ ಬರುತ್ತೇನೋ ಹೇಳಲಾರೆ.

ನಿನ್ನ ಪತ್ರ ಓದಿದ ಮೇಲೆ ತಡೆಯಲಾಗದೆ ಅಮ್ಮನನ್ನು ಕೇಳಿದೆ. ಯಾರೂ ಹೇಳದೆ ಇದ್ದರೂ ಯಾಕೆ ಎತ್ತಿಕೊಂಡು ಹೋದೆ, ಅದೂ ಕೊಟ್ಟಿಗೆಗೇ ಯಾಕೆ ಅಂತ. ಬಯ್ದುಕೊಂಡೇ ಕೇಳಿದೆ. ಅವಳಿಗೆ ಬೇಜಾರಾಗಲಿಲ್ಲ, ನಾನು ಯಾಕೆ ಕೂಗುತ್ತಿದ್ದೇನೆ ಅಂತಲೇ ಅರ್ಥವಾಗಲಿಲ್ಲ.

"ತೊಳ್ದ್ ಬಟ್ಲು ಇನ್ನೆಲ್ಲಿಡ್ಲೇ? ಅವ್ರ್ ಮನೇಲಿ ನಂಗೊತ್ತಿರೋ ಜಾಗ ಅದೊಂದೇ" ಅಂದಳು.

ಪುಷ್ಪ